ದೊರೆಯ ತೂಕ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ
ಹದಿನೆಂಟನೆಯ ತೂಕ ಮುಗಿದ ಮೇಲೆ

ತೂಕದ ಸಾಹೇಬರಿಗೆ,

ನೇರವಾಗಿ ನಿಮಗೆ ಬೇಕಾದ ಸುದ್ದಿಗೇ ಬರುತ್ತೇನೆ. ದೊರೆ ಬದುಕಿದ್ದಾನೆ. ಇವತ್ತಿನ ತೂಕ ನಾಲ್ಕು ಕೆಜಿ ನೂರು ಗ್ರಾಂ. ಬೆಳಿಗ್ಗೆ ಬಟ್ಟಲನ್ನು ನೆಕ್ಕಿ ಹೊಳೆಯುವಂತೆ ಮಾಡಿ, ಈಗ ನಿಮ್ಮ ಕುರ್ಚಿಯ ಮೇಲೆ ನಿಮ್ಮಷ್ಟೇ ಗತ್ತಿನಿಂದ ಮಲಗಿದ್ದಾನೆ. ಇಷ್ಟು ಓದಿ, ಉಸಿರು ಬಿಟ್ಟು, ಪತ್ರ ಮಡಿಸಿಡಬೇಡಿ. ಇನ್ನೂ ಇದೆ.

ನಿಮ್ಮ ಹೋದ ವಾರದ ಪತ್ರ ಬಂತು. ಎಂಟು ಪುಟ. ಮದುವೆಗೆ ಮೊದಲು ಕೂಡ ನೀವು ನನಗೆ ಎಂಟು ಪುಟ ಬರೆದವರಲ್ಲ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಏನಿದ್ದರೂ ಪತ್ರದಲ್ಲೇ ಎಂದು ನೀವು ಹೊರಟ ದಿನ ಇಬ್ಬರೂ ಒಪ್ಪಿದ್ದೆವು, ನಿಜ. 'ಸ್ವಲ್ಪ ದಿನ ದೂರ ಇರೋಣ, ತಲೆ ತಣ್ಣಗಾಗ್ಲಿ' ಅಂದವರು ನೀವು. ಬೇಕೆಂದೇ ವರ್ಗಾವಣೆ ಮಾಡಿಸಿಕೊಂಡವರೂ ನೀವೇ. ಅಲ್ಲಿಯ ಬಾಡಿಗೆ ಕೋಣೆಯಲ್ಲಿ ಪ್ರಾಣಿ ಸಾಕುವಂತಿಲ್ಲವೆಂದು ದೊರೆಯನ್ನು ನನ್ನ ಕೊರಳಿಗೆ ಕಟ್ಟಿ ಹೋದಿರಿ. ಹೋಗುವ ಮುಂಚೆ ಬಾಗಿಲಲ್ಲಿ ಮಂಡಿಯೂರಿ ಕೂತು ಅವನ ತಲೆ ಸವರುತ್ತ ಕಣ್ಣೊರೆಸಿಕೊಂಡಿರಿ. ಪಕ್ಕದಲ್ಲೇ ನಿಂತಿದ್ದ ನನಗೆ 'ಬಾಗ್ಲು ಹಾಕ್ಕೋ' ಅಂದಿರಿ. ಅಂದಿನಿಂದ ನಿಮ್ಮನ್ನು ಬಹುವಚನದಲ್ಲಿ ಕರೆಯುತ್ತಿದ್ದೇನೆ. ಗೌರವ ಬಂತೆಂದು ಹಿಗ್ಗಬೇಡಿ.

ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನಿಮ್ಮ ಉದ್ಯೋಗ. ಹತ್ತು ಗ್ರಾಂ ಆಚೀಚೆಯಾದರೂ ಅಂಗಡಿಯವನಿಗೆ ಬೆವರಿಳಿಸುವ ಅಧಿಕಾರಿ. ಬಚ್ಚಲಿನ ಪಕ್ಕದಲ್ಲಿ ತಣ್ಣಗೆ ಬಿದ್ದಿದ್ದ ನಮ್ಮ ಮನೆಯ ತೂಕದ ಯಂತ್ರವನ್ನೂ ಬಿಡಲಿಲ್ಲ. ಕಚೇರಿಯಿಂದ ಹಿತ್ತಾಳೆ ತೂಕಗಳನ್ನು ಹೊತ್ತು ತಂದು, ಒಂದೊಂದನ್ನೇ ಅದರ ಮೇಲಿಟ್ಟು, 'ಪರವಾಗಿಲ್ಲ, ಪ್ರಾಮಾಣಿಕವಾಗಿದೆ' ಎಂದು ಪ್ರಮಾಣಪತ್ರ ಕೊಟ್ಟಿರಿ. ಆ ಮಾತನ್ನು ನೀವು ನನ್ನ ಬಗ್ಗೆ ಒಮ್ಮೆಯೂ ಹೇಳಿದ ನೆನಪಿಲ್ಲ.

ಬೆಕ್ಕು ಯಂತ್ರದ ಮೇಲೆ ನಿಲ್ಲುವ ಪ್ರಾಣಿಯಲ್ಲವಲ್ಲ, ಅದಕ್ಕೂ ವಿಧಾನ ಹೇಳಿಕೊಟ್ಟಿರಿ. ದೊರೆಯನ್ನು ಎತ್ತಿಕೊಂಡು ನಾನು ನಿಲ್ಲಬೇಕು, ಬರೆದುಕೊಳ್ಳಬೇಕು. ಅವನನ್ನು ಇಳಿಸಿ ನಾನೊಬ್ಬಳೇ ನಿಲ್ಲಬೇಕು, ಬರೆದುಕೊಳ್ಳಬೇಕು. ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಬೆಕ್ಕು. ಒಂದು ಪುಸ್ತಕಕ್ಕೆ ಗೀಟು ಎಳೆದು ಮೂರು ಕಾಲಂ ಮಾಡಿ, 'ಒಟ್ಟು', 'ನೀನು', 'ಮರಿ' ಎಂದು ತಲೆಬರಹವನ್ನೂ ನೀವೇ ಬರೆದಿರಿ. ಆರು ವರ್ಷದ ಗಡವ ಬೆಕ್ಕು ನಿಮಗಿನ್ನೂ ಮರಿ. ಪ್ರತಿ ಭಾನುವಾರ ಮೂರೂ ಸಂಖ್ಯೆ ಕಳಿಸಬೇಕೆಂದು ಅಪ್ಪಣೆಯಾಯಿತು. ನನ್ನ ಕಳೆಯುವ ಲೆಕ್ಕದ ಮೇಲೆ ನಂಬಿಕೆ ಸಾಲದು, ಅಲ್ಲಿ ಕೂತು ನೀವೇ ಇನ್ನೊಮ್ಮೆ ಮಾಡಿ ನೋಡಬೇಕು. ಹದಿನೇಳು ವಾರ ತಪ್ಪದೆ ಕಳಿಸಿದ್ದೇನೆ.

ನಾಲ್ಕು ಕೆಜಿ ಮುನ್ನೂರು ಇದ್ದ ದೊರೆ ಒಂಬತ್ತನೆಯ ವಾರದಿಂದ ಇಳಿಯತೊಡಗಿದ. ಹದಿನಾಲ್ಕನೆಯ ವಾರಕ್ಕೆ ಮೂರು ಕೆಜಿ ಒಂಬೈನೂರು. ಅಂದರೆ ನಾನೂರು ಗ್ರಾಂ. ನಿಮ್ಮ ತಲೆಯ ಮೇಲೆ ಆಕಾಶವೇ ಕಳಚಿಬಿತ್ತು. ಮೂತ್ರಪಿಂಡ, ಹೃದಯ, ಕ್ಯಾನ್ಸರ್ ಎಂದು ಒಂದೊಂದು ಪತ್ರದಲ್ಲಿ ಒಂದೊಂದು ರೋಗ. ದಿನಕ್ಕೆ ಎಷ್ಟು ಸಲ ನೀರು ಕುಡಿದ, ಮರಳಿನ ಡಬ್ಬಿಯಲ್ಲಿ ಎಷ್ಟು ಉಂಡೆ ಸಿಕ್ಕಿತು, ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಉಸಿರು. ಎಣಿಸಿದೆ, ಸಾಹೇಬರೇ. ಮುದ್ರಣಾಲಯದಲ್ಲಿ ಇಡೀ ದಿನ ಕರಡು ತಿದ್ದಿ ಉರಿಯುವ ಕಣ್ಣುಗಳನ್ನು ಬೆಕ್ಕಿನ ಪಕ್ಕೆಗೆ ನೆಟ್ಟು, ಕೈಯಲ್ಲಿ ಗಡಿಯಾರ ಹಿಡಿದು ಎಣಿಸಿದೆ. ಇಪ್ಪತ್ತನಾಲ್ಕು. ಇಪ್ಪತ್ತಾರು. ಇಪ್ಪತ್ತೆಂಟು ಬಂದ ದಿನ ನಾನೇ ಉಸಿರು ಬಿಗಿಹಿಡಿದು ಕೂತಿದ್ದೆ.

ನಿಮ್ಮ ಕಳವಳ ಅಂಚೆಯಲ್ಲಿ ಬಂದು ನನಗೂ ಅಂಟಿತು. ಸುಮ್ಮನೆ ಕೂತಿದ್ದರೂ ಎದೆ ಡವಡವ. ಅಂಗೈ ಒದ್ದೆ. ಪೆನ್ನು ಹಿಡಿದರೆ ನಡುಕ. ಹೊಟ್ಟೆ ತುಂಬ ತಿಂದರೂ ಗಂಟೆಯೊಳಗೆ ಹಸಿವು. ನನ್ನ ಎದುರು ಮೇಜಿನಲ್ಲಿ ಕರಡು ಓದುವ ಹಿರಿಯ ಅಕ್ಕ ಒಂದು ದಿನ ಕನ್ನಡಕ ಮೂಗಿಗಿಳಿಸಿ ನನ್ನನ್ನೇ ನೋಡಿ, 'ಅಲ್ವೇ, ಬೆಕ್ಕಿಗೆ ಹುಷಾರಿಲ್ಲ ಅಂತ ಯಾರಾದ್ರೂ ಹೀಗೆ ಸೊರಗ್ತಾರಾ?' ಅಂದರು. ನಾನೂ ನಕ್ಕುಬಿಟ್ಟೆ. ಆ ವಾರವೇ ಒಂದು ಪುಸ್ತಕದ ಮೊದಲ ಪುಟದಲ್ಲಿ ಲೇಖಕರ ಹೆಸರಿನಲ್ಲೇ ತಪ್ಪು ಬಿಟ್ಟಿದ್ದೆ. ಅದನ್ನು ಹಿಡಿದು ನನ್ನ ಮಾನ ಉಳಿಸಿದವರೂ ಅವರೇ.

ಈಗ ನಿಮ್ಮ ಎಂಟು ಪುಟಕ್ಕೆ ಬರೋಣ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಕರಡು ಓದಿದಂತೆ ಓದಿದೆ. 'ಮರಿ' ಎಂಬ ಪದ ನಲವತ್ತೊಂದು ಸಲ ಬಂದಿದೆ. 'ನೀನು' ಎಂಬುದು ಎರಡೇ ಕಡೆ. ಒಂದು: 'ನೀನು ಎರಡು ಸಲವೂ ಒಂದೇ ಬಟ್ಟೆಯಲ್ಲಿ ನಿಲ್ಲುತ್ತೀ ತಾನೇ? ಜೇಬಿನಲ್ಲಿ ಫೋನು ಇರಲಿಲ್ಲ ತಾನೇ?' ಇನ್ನೊಂದು: 'ನೀನು ಮೊದಲಿನಿಂದಲೂ ಅವನ ವಿಷಯದಲ್ಲಿ ಅಷ್ಟಕ್ಕಷ್ಟೇ.' ಕೊನೆಗೆ, ನಾಳೆ ಸೋಮವಾರ ಅವನನ್ನು ದೊಡ್ಡ ಆಸ್ಪತ್ರೆಗೆ ಒಯ್ದು, ಮಂಪರು ಕೊಡಿಸಿ, ಮೂಗಿನಿಂದ ಬಾಲದವರೆಗೆ ಸ್ಕ್ಯಾನ್ ಮಾಡಿಸಬೇಕೆಂದು ಅಪ್ಪಣೆ.

ಅದೇನೂ ಬೇಕಾಗಿಲ್ಲ. ಅಷ್ಟಕ್ಕಷ್ಟೇ ಆದವಳು ಹನ್ನೆರಡು ದಿನದ ಹಿಂದೆಯೇ ಅವನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು, ಟೈರ್ ಅಂಗಡಿಯ ಮಹಡಿ ಮೇಲಿರುವ ಪ್ರಾಣಿ ವೈದ್ಯೆಯ ಹತ್ತಿರ ಹೋಗಿದ್ದಳು. ಮೊಣಕೈವರೆಗೂ ಪರಚಿದ ಗೆರೆಗಳಿರುವ, ಮಾತು ಕಡಿಮೆಯ ಹೆಂಗಸು. ದೊರೆಯ ದವಡೆ ಬಿಡಿಸಿ ನೋಡಿ 'ಹಲ್ಲು' ಅಂದರು, ಅಷ್ಟೇ. ಎಡಗಡೆ ಹಿಂದಿನ ಹಲ್ಲೊಂದು ಬುಡದಲ್ಲಿ ಕೊಳೆತಿತ್ತು. ಪಾಪದ ಪ್ರಾಣಿಗೆ ಅಗಿಯಲಾಗುತ್ತಿರಲಿಲ್ಲ. ಮಂಪರು ಕೊಟ್ಟು ಕಿತ್ತರು. ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ, ಬೇಕಿದ್ದರೆ ತೂಗಿಕೊಳ್ಳಿ. ನಿಮಗೆ ಆಗಲೇ ತಿಳಿಸಲಿಲ್ಲ. ತಿಳಿಸಿದ್ದರೆ ಮಂಪರು ಅವನಿಗಿಂತ ಮೊದಲು ನಿಮಗೆ ಹತ್ತುತ್ತಿತ್ತು.

ಮೊನ್ನೆ ಶುಕ್ರವಾರ ಗಾಯ ತೋರಿಸಲು ಮತ್ತೆ ಹೋದೆ. ತೂಕ ಹೇಗೆ ಏರಿದೆ ನೋಡೋಣ ಎಂದು ವೈದ್ಯೆ ನಿಮ್ಮ ಘನವಾದ ಪುಸ್ತಕವನ್ನು ಕೇಳಿದರು. ಕೊಟ್ಟೆ. ಅವರ ಬೆರಳು ಕೊನೆಯ ಕಾಲಂ ಮೇಲೆ ಒಂದು ಸಲ ಇಳಿಯಿತು. ಆಮೇಲೆ ನಡುವಿನ ಕಾಲಂಗೆ ಬಂದು ಅಲ್ಲೇ ನಿಂತಿತು.

'ಈ "ನೀನು" ಅಂದ್ರೆ ಯಾರು?' ಎಂದು ಕೇಳಿದರು.

ನಾನೇ ಅಂದೆ. ಬೆಕ್ಕಿನ ತೂಕ ತಿಳಿಯುವುದಕ್ಕೆ ಅದನ್ನು ಕಳೆಯುತ್ತೇವೆ ಅಂದೆ.

'ನಾನೂರು ಗ್ರಾಂ ಇಳಿದಿದ್ದಕ್ಕೆ ನಿಮ್ ಮನೆಯವ್ರು, ನೀವು ಇವನನ್ನ ಇಲ್ಲಿಗೆ ತರೋಕ್ ಮುಂಚೆನೇ, ನಂಗೆ ಮೂರು ಸಲ ಫೋನ್ ಮಾಡಿದ್ರು' ಅಂದರು. 'ಐವತ್ತೆಂಟು ಚಿಲ್ಲರೆ ಇದ್ದಿದ್ದು ಐವತ್ತರ ಕೆಳಗೆ ಬಂದಿದೆ. ಎಂಟೂವರೆ ಕೆಜಿ. ಇದಕ್ಕೆ ಯಾರ್ ಫೋನ್ ಮಾಡ್ತಿದಾರೆ?'

ಕೈ ಚಾಚಲು ಹೇಳಿದರು. ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅದುರಿತು. 'ನಾನು ಮನುಷ್ಯರ ಡಾಕ್ಟರ್ ಅಲ್ಲ. ನೀವು ಬೆಕ್ಕಾಗಿದ್ದಿದ್ರೆ ಈಗ್ಲೇ ರಕ್ತ ತಗೀತಿದ್ದೆ' ಅಂದು ದೊರೆಯನ್ನು ಬುಟ್ಟಿಗಿಳಿಸಿದರು.

ನನಗೇನೂ ಆಶ್ಚರ್ಯವಾಗಲಿಲ್ಲ. ಆರನೆಯ ವಾರದಿಂದಲೇ ನನಗೆ ಗೊತ್ತಿತ್ತು. ಬೇಕೆಂದೇ ಬಾಯಿ ಬಿಡಲಿಲ್ಲ. ಊರೆಲ್ಲರ ತಕ್ಕಡಿಯಲ್ಲಿ ಹತ್ತು ಗ್ರಾಂ ಹುಡುಕುವ ಮನುಷ್ಯನಿಗೆ ತನ್ನ ಹೆಂಡತಿಯ ಎಂಟೂವರೆ ಕೆಜಿ ಯಾವಾಗ ಕಾಣುತ್ತದೆ ನೋಡೋಣ ಎಂದು ಕಾದೆ. ಹದಿನೇಳು ಭಾನುವಾರ ಸಂಖ್ಯೆಯನ್ನು ನಿಮ್ಮ ಮುಖಕ್ಕೇ ಹಿಡಿದೆ. ನೀವೇ ಗೀಟು ಎಳೆದ ಕಾಲಂ, ನೀವೇ ಬರೆದ ತಲೆಬರಹ. ಅದನ್ನು ಕಳೆದು, ಪಕ್ಕಕ್ಕೆ ತಳ್ಳಿ, ನಿಮ್ಮ ಮರಿಯನ್ನು ಎತ್ತಿಕೊಂಡಿರಿ. ಇಂಥವರಿಗೆ ಸರ್ಕಾರ ಮುದ್ರೆ ಬೇರೆ ಕೊಟ್ಟಿದೆ. ಇನ್ನು ಯಾವ ಅಂಗಡಿಯವನ ಎದುರಿಗೂ ಹುಬ್ಬು ಗಂಟಿಕ್ಕಬೇಡಿ, ನಿಮಗೆ ಆ ಯೋಗ್ಯತೆ ಇಲ್ಲ.

ನನ್ನ ವಿಚಾರ ನಾನು ನೋಡಿಕೊಳ್ಳುತ್ತೇನೆ. ನೀವು ಬರುವುದೇನೂ ಬೇಡ. ಬಂದರೂ ಮೊದಲು ಅವನ ಬಾಯಿ ಬಿಡಿಸಿ ನೋಡುತ್ತೀರಿ ಎಂದು ಗೊತ್ತು.

ಇತಿ,
ನಡುವಿನ ಕಾಲಂ

ತಾ.ಕ.: ನಾಳೆಯ ಸ್ಪೀಡ್ ಪೋಸ್ಟಿಗೆಂದು ಲಕೋಟೆ ಅಂಟಿಸಿದವಳು ಮತ್ತೆ ಹರಿದು ತೆಗೆದಿದ್ದೇನೆ. ಒಂದು ಸುಳ್ಳು ಬರೆದಿದ್ದೆ. ಆರನೆಯ ವಾರದಿಂದ ಗೊತ್ತಿತ್ತು ಅಂದೆನಲ್ಲ, ಗೊತ್ತಿರಲಿಲ್ಲ. ನಾನೂ ನೋಡಲಿಲ್ಲ ಕಣೋ. ಹದಿನೇಳು ಭಾನುವಾರ ನನ್ನ ಕೈಯಾರೆ ಬರೆದು, ನನ್ನನ್ನು ನಾನೇ ಕಳೆದು, ದೊರೆಯ ಕಾಲಂ ಮಾತ್ರ ಓದಿದೆ. ಬೇರೆಯವರ ತಪ್ಪು ಹಿಡಿದು ಸಂಬಳ ತಿನ್ನುವವಳು ನಾನು. ಪ್ಯಾಂಟಿನ ಸೊಂಟಕ್ಕೆ ಪಿನ್ನು ಚುಚ್ಚಿಕೊಂಡಾಗ ಬಟ್ಟೆ ಹಿಗ್ಗಿದೆ ಅಂದುಕೊಂಡೆ. ಪಾತ್ರೆ ತೊಳೆಯುವಾಗ ಮದುವೆಯ ಉಂಗುರ ಬೆರಳಿಂದ ಜಾರಿ ಬಿದ್ದಾಗ, ನಮ್ಮದು ಮುಗಿಯಿತೆಂದು ಅದೇ ಹೇಳುತ್ತಿದೆ ಅಂದುಕೊಂಡು ಅತ್ತೆ. ಆಮೇಲೆ ದಾರ ಸುತ್ತಿ ಮತ್ತೆ ಹಾಕಿಕೊಂಡೆ. ಬೆರಳು ಸಣ್ಣಗಾಗಿದೆ ಎಂದು ಹೊಳೆಯಲೇ ಇಲ್ಲ.

ಶುಕ್ರವಾರ ಆ ಮಹಡಿಯ ಮೆಟ್ಟಿಲ ಮೇಲೆ ಕೂತು ನಡುವಿನ ಕಾಲಂ ಅನ್ನು ಮೊದಲ ಸಲ ಮೇಲಿಂದ ಕೆಳಗಿನವರೆಗೆ ಓದಿದೆ. ದೊರೆ ಬುಟ್ಟಿಯ ಸಂದಿಯಿಂದ ಪಂಜ ಚಾಚಿ ನನ್ನ ತೋಳನ್ನು ಹಿಡಿದುಕೊಂಡೇ ಇದ್ದ. ನಿನ್ನೆ ಮನುಷ್ಯರ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಥೈರಾಯ್ಡ್ ಇರಬಹುದು, ಬೇರೆ ಏನಾದರೂ ಇರಬಹುದು ಅಂದರು. ಗುರುವಾರ ವರದಿ. ನನಗೆ ಭಯವಾಗುತ್ತಿದೆ. ಬುಧವಾರವೇ ಬಾ.

ಈ ವಾರ ಮೂರು ಸಂಖ್ಯೆ ಕಳಿಸುವುದಿಲ್ಲ, ಎರಡೇ. ಒಟ್ಟು ಐವತ್ತಮೂರೂವರೆ. ಮರಿ ನಾಲ್ಕು ಕೆಜಿ ನೂರು ಗ್ರಾಂ. ಈ ಸಲ ಬೆಕ್ಕನ್ನು ಕಳೆದು ನೋಡು.