ಕೊನೆಯ ಕಂಬದ ಆಚೆಯ ಮನೆ

ಆಗಸ್ಟ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾವು ಕ್ಷೇಮ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು, ಇದರಲ್ಲಿ ಆ ಸಾಲು ಇಲ್ಲ. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯದ ಅಕ್ಕನ ಮೇಲೆ ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ಆದರೆ ಓದಿ ಮುಗಿಸಿದ ಮೇಲೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಎರಡೇ ಕೋಣೆಯ ಮನೆ, ಇಲ್ಲಿ ಪಿಸುಗುಟ್ಟಿದರೂ ನಿನ್ನ ಭಾವನಿಗೆ ಕೇಳುತ್ತದೆ. ಅಡುಗೆಮನೆಯ ಮಾತು ಮಂಚಕ್ಕೆ ಕೇಳುವಂತೆ ನಕ್ಷೆ ಹಾಕಿದವಳೂ ನಾನೇ.

ಭಾವನ ಶ್ವಾಸಕೋಶ ಪೂರ್ತಿ ಹಾಳಾಗಿದೆಯಂತೆ. ಇಷ್ಟು ವರ್ಷ ಕಲ್ಲು ಕೊಯ್ದ ಧೂಳು, ಸಿಮೆಂಟಿನ ಧೂಳು ಎಲ್ಲ ಒಳಗೇ ಕೂತಿದೆ ಎಂದರು ಡಾಕ್ಟರು. ನಾನು ಕಾಗದದ ಮೇಲೆ ಗೆರೆ ಎಳೆದೆ, ಅವರು ಆ ಗೆರೆಗಳನ್ನೆಲ್ಲ ಗೋಡೆ ಮಾಡಿದರು. ಧೂಳು ಅವರ ಪಾಲಿಗೆ ಬಂತು. ಈಗ ಮಂಚದ ಪಕ್ಕ ಆಮ್ಲಜನಕದ ಯಂತ್ರ ಇಟ್ಟಿದ್ದೇವೆ. ಕೋಣೆಯ ಗಾಳಿಯಿಂದಲೇ ತೆಗೆದು ಕೊಡುತ್ತದೆ, ಸಿಲಿಂಡರು ಬೇಡ, ಆದರೆ ಕರೆಂಟು ಬೇಕು. ಹಗಲೂ ರಾತ್ರಿ ಮೂಗಿನಿಂದ ನಳಿಕೆ ತೆಗೆಯಬಾರದು ಎಂದಿದ್ದಾರೆ.

ಈ ಮನೆಯ ಕಥೆ ನಿನಗೆ ಗೊತ್ತೇ ಇದೆ. ಸೂರಿನ ನೀರು ನೆಲದಡಿಯ ತೊಟ್ಟಿಗೆ, ಸ್ನಾನದ ನೀರು ಜಲ್ಲಿ ಮರಳು ದಾಟಿ ಸೊಪ್ಪಿನ ಮಡಿಗೆ, ಬಿಸಿಲು ಸೋಲಾರ್ ಪ್ಯಾನೆಲ್ಲಿನಿಂದ ಬ್ಯಾಟರಿಗೆ. ಹೊರಗಿನಿಂದ ಒಂದು ಪೈಪಿಲ್ಲ, ಒಂದು ತಂತಿಯಿಲ್ಲ. ನೋಡಲು ಬಂದವರಿಗೆಲ್ಲ ಭಾವ ಹೇಳುತ್ತಿದ್ದುದು ಒಂದೇ ಮಾತು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ. ನೀನು ಲೈನ್‌ಮನ್ ಕೆಲಸಕ್ಕೆ ಸೇರಿದಾಗ, ಊರಿಗೆಲ್ಲ ತಂತಿ ಎಳಿ ಭಾವಮೈದ, ನಮ್ಮ ಹೊಸಿಲು ಮಾತ್ರ ತುಳೀಬೇಡ ಎಂದು ಎಷ್ಟು ಕಾಡಿಸಿದ್ದರು. ದೀಪ, ಫ್ಯಾನು, ಫ್ರಿಜ್ಜು, ಪಂಪು, ಎಲ್ಲಕ್ಕೂ ಲೆಕ್ಕ ಹಾಕಿದ್ದೆ. ಉಸಿರಿಗೂ ಕರೆಂಟು ಬೇಕಾಗುತ್ತದೆ ಎಂದು ನನಗೇನು ಗೊತ್ತಿತ್ತು.

ಮಳೆ ಹಿಡಿದು ಕೂತಿದೆ. ತೊಟ್ಟಿ ತುಂಬಿ ಅಂಗಳಕ್ಕೆ ಹರಿಯುತ್ತಿದೆ, ಬರ ಬಂದಿರುವುದು ಬಿಸಿಲಿಗೆ. ಫ್ರಿಜ್ಜು ನಿಲ್ಲಿಸಿದೆ. ಪಂಪು ನಿಲ್ಲಿಸಿ ಕೊಡದಲ್ಲಿ ಸೇದುತ್ತಿದ್ದೇನೆ. ದೀಪ ಹಾಕದೆ ಕತ್ತಲಲ್ಲೇ ಊಟ. ಇನ್ನೆರಡು ಪ್ಯಾನೆಲ್ಲು ಹಾಕಿಸಿಯೂ ನೋಡಿದೆ, ಇಂಥ ಮೋಡದ ಕೆಳಗೆ ಹತ್ತು ಹಾಕಿಸಿದರೂ ಅಷ್ಟೇ. ಜನರೇಟರಿನ ಹೊಗೆ ಅವರಿಗೆ ಆಗದು. ಬೆಳಗಾಗುವ ಮೊದಲೇ ಬ್ಯಾಟರಿ ಕೈಕೊಡುತ್ತದೆ, ಯಂತ್ರ ಒಮ್ಮೆ ಕಿರುಚಿ ಸುಮ್ಮನಾಗುತ್ತದೆ. ಆಮೇಲೆ ಅವರನ್ನು ನನ್ನ ಎದೆಗೆ ಒರಗಿಸಿಕೊಂಡು ಕೂರುತ್ತೇನೆ. ತುಟಿ ನೀಲಿಯಾಗಿದೆಯೋ ಇಲ್ಲವೋ ಕತ್ತಲಲ್ಲಿ ಕಾಣುವುದಿಲ್ಲ. ನನಗೆ ಭಯ ತಮ್ಮಾ. ಬಾಯಿಬಿಟ್ಟೇ ಹೇಳುತ್ತಿದ್ದೇನೆ, ತುಂಬಾ ಭಯವಾಗುತ್ತಿದೆ.

ಕೊನೆಯ ಕಂಬ ಇರುವುದು ದರ್ಜಿಯ ಮನೆ ಮುಂದೆ, ಕೂಗಿದರೆ ಓ ಎನ್ನುವಷ್ಟು ದೂರ. ಆದರೆ ನಮ್ಮ ಜಾಗ ನಿನ್ನ ಭಾವನ ಹೆಸರಿನಲ್ಲಿದೆ, ಅವರು ಒಪ್ಪದೆ ಲೈನು ಬರುವಂತಿಲ್ಲ. ಆಸ್ಪತ್ರೆಗಾದರೂ ಸೇರೋಣ ಎಂದರೆ ಅದೂ ಬೇಡ. ದರ್ಜಿ ತಾನಾಗಿ ಬಂದು, ಮಳೆ ನಿಲ್ಲುವ ತನಕ ನಮ್ಮ ಮುಂದಿನ ಕೋಣೆಯಲ್ಲಿ ಇದ್ದುಬಿಡಿ ಎಂದು ಕರೆದ. ಅವನಿಗೆ ನಗುತ್ತಲೇ ಕೈ ಮುಗಿದು ಕಳಿಸಿದರು. ನಮ್ಮ ಮಾತು ನಂಬಿ ಇಂಥದೇ ಮನೆ ಕಟ್ಟಿಸಿಕೊಂಡವರು ಏನೆಂದುಕೊಂಡಾರು, ಹೇಳೋದು ಆಚಾರ ತಿನ್ನೋದು ಬದನೆಕಾಯಿ ಎಂದು ಆಡಿಕೊಳ್ಳುವುದಿಲ್ಲವೇ ಎಂಬುದು ಅವರ ವಾದ. ನನಗೆ ರೇಗಿಹೋಯಿತು.

“ಹಾಸಿಗೆ ಚಿಕ್ಕದಾಯ್ತು ಅಂತ ಯಾರಾದ್ರೂ ಕಾಲು ಕತ್ತರಿಸ್ಕೊಳ್ತಾರಾ?” ಎಂದೆ.

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಜಗಳವಾಡಲೂ ಉಸಿರು ಬೇಕಲ್ಲ, ಈಗ ಪ್ರತಿ ಸಲ ನನ್ನದೇ ಗೆಲುವು. ಈ ಗೆಲುವು ತಗೊಂಡು ನಾನೇನು ಮಾಡಲಿ.

ಅದಕ್ಕೇ ನೀನು ಬಾ. ನನ್ನ ಮಾತಿಗೆ ಅವರು ಕಿವಿ ಮುಚ್ಚಿಕೊಂಡಿದ್ದಾರೆ, ನಿನ್ನ ಮಾತಿಗೆ ನಕ್ಕಾರು, ನಕ್ಕರೆ ಒಪ್ಪಿಯಾರು. ಗದರಿಸು, ಕಾಲು ಹಿಡಿ, ಹೇಗಾದರೂ ಮಾಡು. ರಜೆ ಕೊಡದಿದ್ದರೆ ಹೇಳದೇ ಬಂದುಬಿಡು. ನಮ್ಮ ಮನೆ ಸೋತಿತು ಎಂದು ಊರಿಗೆಲ್ಲ ಡಂಗುರ ಸಾರಲು ನಾನು ತಯಾರಿದ್ದೇನೆ. ಮನೆ ಸೋಲಲಿ, ಅವರು ಉಳಿಯಲಿ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗಳಿಗೆ ಹಲ್ಲು ಬಂದು ಕಂಡಕಂಡವರ ಬೆರಳು ಕಚ್ಚುತ್ತಾಳೆಂದು ನೀನು ಬರೆದಿದ್ದೆ, ಓದಿ ಬಹಳ ದಿನದ ಮೇಲೆ ನಕ್ಕೆ. ಅವಳ ನೆತ್ತಿಯ ಮೇಲೆ ನನ್ನ ಹೆಸರಲ್ಲಿ ಒಮ್ಮೆ ಕೈ ಇಡು. ನಿಮ್ಮ ಮೂವರ ಉಸಿರೂ ಸದಾ ಹಗುರವಾಗಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಈಗ ನನಗೆ ತೋಚುತ್ತಿಲ್ಲ.

ನಿನ್ನ ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅವರ ಹಟಕ್ಕೆ ಮರ್ಯಾದೆಯೊಂದೇ ಕಾರಣವಲ್ಲ. ಹೋದ ವಾರ ನಾನು ನೀರು ಸೋಸುವ ಜಾಲರಿ ತೊಳೆಯುತ್ತಿದ್ದೆ. ಅವರು ಮಂಚದಿಂದಲೇ, ಮನೆ ಕಟ್ಟಿಸಲು ಬಂದವರ ಹಾಗೆ ಕೇಳಿದರು, “ಈ ಮನೇಲಿ ಒಬ್ರೇ ಇದ್ರೆ ಕರೆಂಟು ಸಾಕಾಗತ್ತಾ?” ನನ್ನ ಕೈ ಜಾಲರಿಯಲ್ಲಿತ್ತು. ಇಂಥ ಪ್ರಶ್ನೆ ಯಾರು ಕೇಳಿದರೂ ನನ್ನ ಬಾಯಿ ತಾನಾಗಿ ಉತ್ತರ ಕೊಡುತ್ತದೆ, ಅಭ್ಯಾಸ ಅದು. ಮನಸ್ಸಿನಲ್ಲೇ ಕೂಡಿ ಕಳೆದು, “ಒಬ್ರಿಗಾದ್ರೆ ಧಾರಾಳ, ಇಂಥ ಮೋಡದಲ್ಲೂ ಮಿಗತ್ತೆ” ಎಂದುಬಿಟ್ಟೆ. ಯಾವ ಒಬ್ಬರು ಎಂದು ಹೊಳೆಯುವಷ್ಟರಲ್ಲಿ ಅವರು ಹಾಗಾದರೆ ಸರಿ ಎಂದು ಕಣ್ಣು ಮುಚ್ಚಿದ್ದರು. ಅಂದಿನಿಂದ ನಾನು ಹೊರಗೆ ಹೋದಾಗಲೆಲ್ಲ ಯಂತ್ರ ಆರಿಸುತ್ತಿದ್ದಾರೆ. ಓಡಿಬಂದು ಹಾಕಿದರೆ, “ನಿಂಗೆ ದೀಪಕ್ಕಾಗತ್ತೆ, ಇರ್ಲಿ ಬಿಡು” ಎನ್ನುತ್ತಾರೆ. ಇದನ್ನು ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಯಂತ್ರದ ಸದ್ದು ನಿಂತಿತು. ಮುಗಿಸುತ್ತೇನೆ, ಬೇಗ ಬಾ.