ಗುಳಿಗೆ ನುಂಗಿಯೇ ಬರುತ್ತಾಳೆ ನನ್ನ ಚಿಗವ್ವ

ಹಿರಿಯ ನಾಗರಿಕರ ಔಷಧ ನೆರವಿಗೆ ಮಂಜೂರಾತಿಯ ಸಹಿ ಹಾಕುವ ಮಾನ್ಯರೇ,

ತಮ್ಮ ನೆರವು ಸಿಗಲೆಂದು ನಮ್ಮ ಓಣಿಯ ಮುದುಕಿಯರು ಔಷಧ ಬಿಡುತ್ತಿದ್ದಾರೆ. ತಪ್ಪಾಗಿ ಓದಿದೆನೇನೋ ಎಂದು ಕನ್ನಡಕ ಒರೆಸಿಕೊಳ್ಳಬೇಡಿ. ಔಷಧದ ಖರ್ಚಿಗೆಂದು ತಾವು ಕೊಡುವ ಹಣ ಕೈತಪ್ಪಬಾರದೆಂದು, ತಮ್ಮ ತಪಾಸಣಾ ಶಿಬಿರ ಹತ್ತಿರವಾದಂತೆ ಅವರು ಗುಳಿಗೆ ನುಂಗುವುದನ್ನು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದ ಒಬ್ಬಳು ಈಗ ಮಾತು ಕಳೆದುಕೊಂಡು ಮಲಗಿದ್ದಾಳೆ. ಮುಂದಿನ ಸರದಿ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಯಮನಮ್ಮನದು. ಅದಕ್ಕೇ ಈ ಪತ್ರ, ಅದಕ್ಕೇ ಹೀಗೆ ಎಲ್ಲರೆದುರು.

ತಮ್ಮ ಕಚೇರಿ ಯಾವ ಊರಿನಲ್ಲಿದೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಸಿಂಧನೂರಿನವರಾಗಲಿ, ಲಿಂಗಸುಗೂರಿನವರಾಗಲಿ, ನಮ್ಮ ಮಸ್ಕಿಯವರೇ ಆಗಲಿ, ಓದಿದವರು ಇದು ತಮ್ಮೂರಿನ ಮಾತೇ ಅಂದುಕೊಂಡರೆ ಅದು ನನ್ನ ತಪ್ಪಲ್ಲ.

ನಿಯಮ ತಮಗೆ ಗೊತ್ತಿದೆ, ಓದುಗರಿಗೆ ಗೊತ್ತಿಲ್ಲದಿರಬಹುದು. ವಯಸ್ಸಾದ, ದಿನವೂ ಗುಳಿಗೆ ನುಂಗಲೇಬೇಕಾದ ಬಡವರಿಗೆ ಔಷಧದಂಗಡಿಯ ಖರ್ಚಿನ ಒಂದು ಪಾಲನ್ನು ತಮ್ಮ ಕಚೇರಿ ಕೊಡುತ್ತದೆ. ಒಳ್ಳೆಯ ಯೋಜನೆ. ಅದನ್ನು ಯೋಚಿಸಿದವರ ಮನೆಯಲ್ಲಿ ಒಬ್ಬ ಅಜ್ಜಿಯಾದರೂ ಇದ್ದಿರಬೇಕು. ಆದರೆ ಅದನ್ನು ವರ್ಷಕ್ಕೊಮ್ಮೆ ನವೀಕರಿಸುವ ನಿಯಮ ಬರೆದವರ ಮನೆಯಲ್ಲಿ ಯಾರಿದ್ದರೋ ತಿಳಿಯದು. ಶಿಬಿರದ ದಿನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾರೆ. ಅದು ಮಿತಿ ಮೀರಿದ್ದರೆ ನೆರವು ಮುಂದುವರಿಯುತ್ತದೆ. ಮಿತಿಯೊಳಗಿದ್ದರೆ ‘ನಿಯಂತ್ರಣದಲ್ಲಿದೆ, ನೆರವಿನ ಅಗತ್ಯವಿಲ್ಲ’ ಎಂದು ಷರಾ ಬೀಳುತ್ತದೆ. ನಿಯಂತ್ರಣದಲ್ಲಿ ಇಟ್ಟದ್ದು ಯಾವುದು ಎಂದು ಯಾರೂ ಕೇಳುವುದಿಲ್ಲ.

ಮಾನ್ಯರೇ, ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಬಳಗಾನೂರಿನ ಗದ್ದೆಗಳು ಹಸಿರಾಗುವುದನ್ನು ತಾವು ಜೀಪಿನ ಕಿಟಕಿಯಿಂದಾದರೂ ನೋಡಿರುತ್ತೀರಿ. ಗದ್ದೆ ಹಸಿರಾಗಿದೆ, ಇನ್ನು ನೀರೇಕೆ ಎಂದು ನೀರಾವರಿ ಇಲಾಖೆಯವರು ತೂಬು ಮುಚ್ಚಿದರೆ ರೈತರು ಸುಮ್ಮನಿರುತ್ತಾರೆಯೇ? ಮುದುಕಿಯರ ವಿಷಯದಲ್ಲಿ ತಾವು ಮಾಡುತ್ತಿರುವುದು ಅದನ್ನೇ. ಪಿಂಚಣಿ ಕೊಡುವವರು ವರ್ಷಕ್ಕೊಮ್ಮೆ ಬದುಕಿರುವುದಕ್ಕೆ ಪ್ರಮಾಣ ಕೇಳುತ್ತಾರೆ. ತಾವು ಸಾವಿನ ಹತ್ತಿರ ಬಂದಿರುವುದಕ್ಕೆ ಪ್ರಮಾಣ ಕೇಳುತ್ತೀರಿ. ಎರಡನ್ನೂ ಒಂದೇ ವರ್ಷದಲ್ಲಿ ಒದಗಿಸುವುದು ಎಷ್ಟು ಕಷ್ಟವೆಂದು ಎಂದಾದರೂ ಯೋಚಿಸಿದ್ದೀರಾ?

ಈಗ ಶಂಶಾದ್‌ಬೀಯ ಸಂಗತಿ. ಆಕೆ ನಮ್ಮ ಮನೆಗೆ ಒಂದು ಗೋಡೆ ಆಚೆಯವಳು. ಹರೆಯದಲ್ಲಿ ನನ್ನ ಚಿಗವ್ವನ ಜೊತೆ ಬಳಗಾನೂರಿನ ಗದ್ದೆಗಳಲ್ಲಿ ಒಂದೇ ಗುಂಪಿನಲ್ಲಿ ಭತ್ತದ ಸಸಿ ಹಚ್ಚಿದವಳು. ಆಮೇಲೆ ಬಳೆಯ ಬುಟ್ಟಿ ಹೊತ್ತಳು. ಮಸ್ಕಿ ಸಂತೆಯಲ್ಲಿ ಆಕೆಯಿಂದ ಬಳೆ ಇಡಿಸಿಕೊಳ್ಳದ ಹೆಂಗಸರು ಕಡಿಮೆ. ಬಳೆ ಇಡುವವರದು ಒಂದು ಹಿಡಿತವಿದೆ. ಎದುರಿನವರ ಅಂಗೈಯನ್ನು ಮಡಚಿ, ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿ, ಮಾತಿನಲ್ಲಿ ಮರೆಸಿ, ಕೈಗಿಂತ ಸಣ್ಣ ಬಳೆಯನ್ನು ನೋವಾಗದಂತೆ ದಾಟಿಸುವ ಹಿಡಿತ. ನನ್ನ ಮದುವೆಯ ಬಳೆಗಳನ್ನೂ ಆಕೆಯೇ ಇಟ್ಟಿದ್ದಳು.

ಹೋದ ವರ್ಷದ ಶಿಬಿರಕ್ಕೆ ಶಂಶಾದ್‌ಬೀ ಎಂದಿನಂತೆ ಗುಳಿಗೆ ನುಂಗಿಯೇ ಹೋದಳು. ಪಟ್ಟಿ ಸುತ್ತಿದ ತಮ್ಮ ಸಿಬ್ಬಂದಿ ನಗುತ್ತ, “ಅಜ್ಜೀ, ನಿನ್ನ ಬೀಪಿ ನನ್ನದಕ್ಕಿಂತ ಚಲೋ ಐತಿ” ಅಂದರಂತೆ. ಆಕೆ ಅದನ್ನು ಬಹುಮಾನವೆಂದುಕೊಂಡು ಬಂದಳು. ಬಸ್ಸಿಳಿದವಳು ಮನೆಗೂ ಹೋಗದೆ ನಮ್ಮ ಕಟ್ಟೆಯ ಮೇಲೆ ಕೂತು, ತಾನು ಪಾಸಾದೆನೆಂದು ಓಣಿಗೆಲ್ಲ ಸಾರಿದಳು. ಪಾಸಾದವರ ಹೆಸರನ್ನೇ ತಾವು ತೆಗೆದುಹಾಕುತ್ತೀರಿ ಎಂಬುದು ಆಕೆಗೆ ತಿಳಿದದ್ದು ಆಮೇಲೆ, ಸೊಸೆ ಆರ್ಜೂ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳಿದಾಗ.

ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ದಾಸ್ತಾನು ಇದ್ದಾಗ ಸಿಗುತ್ತದೆ, ಡಾಕ್ಟರು ಬರೆದುಕೊಟ್ಟದ್ದರಲ್ಲಿ ಒಂದು ಸಿಗುತ್ತದೆ. ಉಳಿದದ್ದಕ್ಕೆ ಹೊರಗಿನ ಅಂಗಡಿಯೇ ಗತಿ. ಸೊಸೆಯ ಹೊಲಿಗೆಯಿಂದ ನಡೆಯುವ ಮನೆಯಲ್ಲಿ ಮುದುಕಿಯ ಗುಳಿಗೆ ಮಕ್ಕಳ ಶಾಲೆಯ ಖರ್ಚಿನ ಹಿಂದೆ ನಿಂತಿತು. ಯಾರೂ ಅದನ್ನು ಹಿಂದೆ ನಿಲ್ಲಿಸಲಿಲ್ಲ, ಆಕೆಯೇ ತಂದು ನಿಲ್ಲಿಸಿದಳು.

ಆಗ ನನ್ನ ಚಿಗವ್ವ ಒಂದು ಕೆಲಸ ಮಾಡಿದಳು, ನನಗೆ ಗೊತ್ತಾಗದಂತೆ. ಸಸಿ ಹಚ್ಚುವ ಹೆಂಗಸರಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಚಿಗವ್ವ ಅದನ್ನು ಗುಳಿಗೆಗೆ ತಂದಳು. ತನಗೆ ನೆರವಿನಲ್ಲಿ ಸಿಗುವುದರಲ್ಲೇ ಒಂದು ದಿನ ತಾನು ನುಂಗುವುದು, ಮರುದಿನ ಶಂಶಾದ್‌ಬೀ ನುಂಗುವುದು. ಹಾಗೆ ಇಬ್ಬರಿಗೂ ದಿನ ಬಿಟ್ಟು ದಿನ ಔಷಧ. ಡಾಕ್ಟರಿಗೆ ಇದನ್ನು ಹೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ. ನಾನೂ ಚಚ್ಚಿಕೊಂಡೆ. ಆದರೆ ಮಾನ್ಯರೇ, ತಮ್ಮ ಯೋಜನೆಯಡಿ ಹಿರಿಯ ಜೀವಗಳ ಆರೈಕೆ ಎಂದು ನಡೆದದ್ದು ಈ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡದ್ದು ಮಾತ್ರ, ಅದೂ ತಮ್ಮ ಸಹಿ ಇಲ್ಲದೆ.

ಈ ವರ್ಷ ಶಂಶಾದ್‌ಬೀ ಹೊಸದಾಗಿ ಅರ್ಜಿ ಹಾಕಿದಳು. ಅಷ್ಟರಲ್ಲಿ ನೆರವಿಗೆ ಪಾಸಾಗುವ ದಾರಿ ಓಣಿಗೆಲ್ಲ ಗೊತ್ತಾಗಿತ್ತು. ಶಿಬಿರಕ್ಕೆ ಮೊದಲು ಗುಳಿಗೆ ಬಿಡಬೇಕು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಇರಬೇಕು. ಬಸ್ ನಿಲ್ದಾಣದಿಂದ ಆಟೋ ಹತ್ತದೆ ಬಿರಬಿರನೆ ನಡೆಯಬೇಕು, ಸಾಲಿನಲ್ಲಿ ಕೂರಬಾರದು. ಇದೆಲ್ಲ ಅವರಿಗೆ ಯಾರು ಕಲಿಸಿದರು ಎಂದು ತಾವು ಕೇಳಬಹುದು. ತಾವೇ ಕಲಿಸಿದಿರಿ. ಹೋದ ಸಲ ಶಂಶಾದ್‌ಬೀಗೆ ಕಲಿಸಿದ ಪಾಠವದು.

ಗೋಡೆಯ ಈಚೆಯಿಂದ ಚಿಗವ್ವ ಊಟಕ್ಕೆ ಕರೆದು, ಗುಳಿಗೆ ಆಯಿತೇ ಎಂದು ಕೇಳಿದಾಗ ಶಂಶಾದ್‌ಬೀ ಆಚೆಯಿಂದ ನಗುತ್ತ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ.

“ರಂಜಾನ್ ಮುಗದೈತಿ ಯಮನಕ್ಕ, ನಂದು ಗುಳಿಗಿ ರೋಜಾ ಇನ್ನೂ ನಡದೈತಿ. ಶಿಬಿರದ ದಿನಾನ ನಂಗ ಈದ್.”

ನಾನೂ ನಕ್ಕೆ. ತಮಾಷೆಗೆ ಹೇಳುತ್ತಿದ್ದಾಳೆ ಅಂದುಕೊಂಡೆ.

ಆಕೆಯ ಈದ್ ಹೀಗಾಯಿತು. ಶಿಬಿರದಲ್ಲಿ ಪಟ್ಟಿ ಸುತ್ತಿದಾಗ ಒತ್ತಡ ಮಿತಿಯನ್ನು ಎಷ್ಟು ಮೀರಿತ್ತೆಂದರೆ, ಯಂತ್ರ ಕೆಟ್ಟಿದೆಯೇ ಎಂದು ಇನ್ನೊಂದು ಯಂತ್ರ ತರಿಸಿದರಂತೆ. ಅದೂ ಅದನ್ನೇ ಹೇಳಿತು. ಆಕೆಯನ್ನು ಅಲ್ಲೇ ಮಲಗಿಸಿ ಡಾಕ್ಟರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ‘ಅರ್ಹ’ ಎಂದು ಬರೆದುಕೊಂಡು ಮುಂದಿನವರನ್ನು ಕರೆದರು. ಶಂಶಾದ್‌ಬೀ ಹಿಗ್ಗಿನಿಂದ ಬಸ್ಸು ಹತ್ತಿದಳು. ಮಸ್ಕಿಯಲ್ಲಿ ಇಳಿಯುವಾಗ ಬಲಗಾಲು ಮೆಟ್ಟಿಲು ಸಿಗದೆ ತಡವರಿಸಿತು, ಬಲಗೈ ಕಂಬಿಯನ್ನು ಹಿಡಿಯಲಿಲ್ಲ. ಬಿದ್ದವಳನ್ನು ಎತ್ತಿದ ಕಂಡಕ್ಟರನಿಗೆ ಆಕೆ ಏನೋ ಹೇಳಿದಳಂತೆ, ಅದು ಯಾವ ಭಾಷೆಯೂ ಆಗಿರಲಿಲ್ಲ.

ಮಂಜೂರಾತಿಯ ಸಂದೇಶ ಬಂದಾಗ ಆರ್ಜೂ ಆಸ್ಪತ್ರೆಯ ವಾರ್ಡಿನಲ್ಲಿ ಅತ್ತೆಯ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು. ‘ಅಭಿನಂದನೆಗಳು’ ಎಂದು ಶುರುವಾಗುತ್ತದೆ ತಮ್ಮ ಸಂದೇಶ. ದಯವಿಟ್ಟು ಆ ಪದವನ್ನಾದರೂ ತೆಗೆಸಿ.

ನಾನು ಕವಿತೆ ಓದುವವಳು. ಮೌನವನ್ನು ಕೊಂಡಾಡುವ ಎಷ್ಟೋ ಸಾಲುಗಳ ಕೆಳಗೆ ಗೆರೆ ಎಳೆದಿಟ್ಟಿದ್ದೇನೆ. ಸಂತೆಯಲ್ಲಿ ಎರಡು ಭಾಷೆಗಳಲ್ಲಿ ಗಿರಾಕಿಗಳನ್ನು ಕರೆಯುತ್ತಿದ್ದ ಹೆಂಗಸು ತನ್ನ ಮೊಮ್ಮಗಳ ಹೆಸರು ಬಾಯಿಗೆ ಬಾರದೆ ಗೋಡೆಯ ಕಡೆ ಮುಖ ತಿರುಗಿಸಿದ್ದನ್ನು ನೋಡಿದ ಮೇಲೆ ಆ ಪುಸ್ತಕಗಳನ್ನು ಮತ್ತೆ ತೆರೆಯಲು ಮನಸ್ಸಾಗಿಲ್ಲ. ಎಲ್ಲ ಮೌನವೂ ಒಂದೇ ಅಲ್ಲ. ಕೆಲವನ್ನು ಕಚೇರಿಗಳು ತಯಾರಿಸುತ್ತವೆ.

ಇಷ್ಟಾದ ಮೇಲೆ ನನ್ನ ಚಿಗವ್ವನಿಗೆ ಬುದ್ಧಿ ಬಂದಿರುತ್ತದೆ ಎಂದುಕೊಂಡಿದ್ದೆ. ಮೊನ್ನೆ ಅವಳಿಗೆ ಎಲೆಯಡಿಕೆಯ ಸಂಚಿ ಎತ್ತಿಕೊಡುವಾಗ ಅಡಿಕೆ ಚೂರುಗಳ ನಡುವಿನಿಂದ ಬಿಳಿ ಗುಳಿಗೆಗಳು ಉದುರಿದವು. ಮುಂದಿನ ಶಿಬಿರದಲ್ಲಿ ನವೀಕರಣ ಅವಳದು. ಅವಳೂ ಆಗಲೇ ರೋಜಾ ಹಿಡಿದಿದ್ದಳು. ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಅವಳು ಗುಳಿಗೆಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಸಂಚಿಗೆ ಹಾಕಿಕೊಂಡಳು.

“ಸಿಟ್ಟಾಗಬ್ಯಾಡ ಬೇ. ಶಿಬಿರ ಒಂದ್ ಮುಗೀಲಿ, ಎಲ್ಲಾ ಕೂಡೇ ನುಂಗತೀನಿ.”

“ಶಂಶಾದ್‌ಬೀ ಏನಾದಳು, ನೋಡಿಲ್ಲೇನು ನೀ?”

“ಆಕಿ ಉಪ್ಪಿನಕಾಯಿ ತಿಂದಾಳ. ನಾ ತಿನ್ನಾಕತ್ತಿಲ್ಲ.”

ಇದನ್ನು ಓದಿ ತಾವು ನಗಬಹುದು, ಹಳ್ಳಿಯವರ ಅಜ್ಞಾನವೆಂದು ತಲೆಯಾಡಿಸಬಹುದು. ಅವಳ ಲೆಕ್ಕದಲ್ಲಿ ತಪ್ಪಿದೆ, ನಿಜ. ಆದರೆ ಗುಳಿಗೆಯನ್ನು ಬಿಡಲೇಬೇಕು ಎಂಬ ಮೊದಲ ಸಾಲನ್ನು ಆ ಲೆಕ್ಕದಲ್ಲಿ ಬರೆದವರು ತಾವು.

ನಾನು ಸಂಬಳ ತರುವವಳು, ಎಂ.ಎ. ಮಾಡಿದವಳು, ಚಿಗವ್ವನ ಗುಳಿಗೆಗೆ ನನ್ನಲ್ಲಿ ಗತಿಯಿಲ್ಲವೇ ಎಂದೂ ತಾವು ಕೇಳುತ್ತೀರಿ. ಇದೆ. ಅದನ್ನೇ ಅವಳಿಗೂ ಹೇಳಿದೆ, ನಾನು ಕೊಡಿಸುತ್ತೇನೆ, ಆ ಕಚೇರಿಯ ಹಂಗೇ ಬೇಡ ಎಂದು. ಅದಕ್ಕೆ ಅವಳ ಉತ್ತರವನ್ನು ಅವಳ ಮಾತಿನಲ್ಲೇ ಕೊಡುತ್ತೇನೆ.

“ನೀ ಕೊಡಸ್ತಿ, ನಂಗ ಗೊತ್ತೈತಿ. ಆದ್ರ ಇದು ನಂದು. ನಾ ಹಚ್ಚಿದ ಸಸೀದು ಅನ್ನ ಉಂಡ ಊರು ಭಾಳ ಅದಾವ. ಅವು ಕೊಡಲಿ. ನನ್ನ ಪಾಲು ನಾ ಬಿಟ್ಟು ಕುಂತ್ರ ಶಂಶಾದಿಗೆ ಏನ್ ಕೊಡ್ಲಿ? ಇನ್ನ ಮ್ಯಾಲ ಆಕಿಗೆ ಜಾಸ್ತಿ ಬೇಕು.”

ಮಂಜೂರಾದ ಹಣ ಶಂಶಾದ್‌ಬೀಯ ಖಾತೆಗೆ ಇನ್ನೂ ಬಂದಿಲ್ಲ ಎಂಬುದನ್ನು ತಮಗೆ ನೆನಪಿಸಬೇಕೇ?

ಇದನ್ನೆಲ್ಲ ಹೇಳಲು ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಮೇಜಿನ ಹಿಂದಿದ್ದವರು, ನಿಯಮ ಮೇಲಿನಿಂದ ಬಂದದ್ದು ಎಂದರು. ಗುಳಿಗೆ ಬಿಡಿ ಎಂದು ನಾವು ಯಾರಿಗೂ ಹೇಳಿಲ್ಲವಲ್ಲ ಮೇಡಂ ಎಂದೂ ಸೇರಿಸಿದರು. ಹೌದು, ಹೇಳಿಲ್ಲ. ಗುಳಿಗೆ ನುಂಗಿದವರನ್ನು ಹೊರಗೆ ಹಾಕಿದಿರಿ, ಬಿಟ್ಟವರನ್ನು ಒಳಗೆ ಕರೆದಿರಿ. ಇನ್ನು ಬಾಯಿಬಿಟ್ಟು ಹೇಳುವುದು ಏನು ಉಳಿದಿತ್ತು?

ಕೊನೆಗೆ ಚಿಗವ್ವನನ್ನು ಸಂಚಿಯ ಸಮೇತ, ಆಸ್ಪತ್ರೆಯಿಂದ ಮನೆಗೆ ಬಂದು ಮಂಚದ ಮೇಲೆ ಒರಗಿ ಕೂತಿದ್ದ ಶಂಶಾದ್‌ಬೀಯ ಬಳಿಗೆ ಕರೆದುಕೊಂಡು ಹೋದೆ. ಸಂಚಿಯನ್ನು ಬಿಚ್ಚಿ ಆಕೆಯ ಮುಂದೆ ಇಟ್ಟೆ. ನಾನು ಏನನ್ನೂ ವಿವರಿಸಲಿಲ್ಲ. ಶಂಶಾದ್‌ಬೀ ಗುಳಿಗೆಗಳನ್ನು ನೋಡಿದಳು, ಚಿಗವ್ವನ ಮುಖ ನೋಡಿದಳು. ಬಲಗೈ ಮಡಿಲಲ್ಲಿ ಬಿದ್ದೇ ಇತ್ತು. ಎಡಗೈಯಿಂದ ಒಂದು ಗುಳಿಗೆಯನ್ನು ತಡವರಿಸಿ ಎತ್ತಿ ಚಿಗವ್ವನ ಅಂಗೈಯಲ್ಲಿ ಇಟ್ಟಳು. ಆ ಅಂಗೈಯನ್ನು ಮಡಚಿದಳು, ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿದಳು. ಸಂತೆಯ ಅದೇ ಹಿಡಿತ, ಕಲಿಯದ ಕೈಯಲ್ಲಿ. ಆಮೇಲೆ ಬಾಯಿ ಬಹಳ ಹೊತ್ತು ಸೆಣಸಿ ಒಂದು ಶಬ್ದವನ್ನು ಹೊರಗೆ ತಂದಿತು.

“ಖಾ.”

ತಿನ್ನು ಎಂದು. ಆರ್ಜೂ ನೀರು ತಂದಳು. ನನ್ನ ಮಾತಿಗೆ, ಡಾಕ್ಟರ ಮಾತಿಗೆ ಬಗ್ಗದ ನನ್ನ ಚಿಗವ್ವ ಗುಳಿಗೆ ನುಂಗಿದಳು. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಶಂಶಾದ್‌ಬೀಯ ಗುಳಿಗೆಗಳನ್ನು ಸದ್ಯಕ್ಕೆ ನಾನು ತರುತ್ತಿದ್ದೇನೆ. ಅದು ದಾನವಲ್ಲ, ಮುಯ್ಯಿ. ಅದನ್ನು ತಾವು ತೀರಿಸಬೇಕು.

ಆದ್ದರಿಂದ ಮಾನ್ಯರೇ, ಇದು ವಿನಂತಿಯಲ್ಲ. ಮುಂದಿನ ಶಿಬಿರಕ್ಕೆ ಯಮನಮ್ಮ ಗುಳಿಗೆ ನುಂಗಿಯೇ ಬರುತ್ತಾಳೆ. ನಮ್ಮ ಓಣಿಯಲ್ಲಿ ನೆರವು ಪಡೆಯುವ ಉಳಿದ ಹೆಂಗಸರೂ ನುಂಗಿಯೇ ಬರುತ್ತಾರೆ. ಅವರ ಮನೆಮನೆಗೆ ಹೋಗಿ ಮಾತಾಡಿದ್ದೇನೆ, ಒಬ್ಬಿಬ್ಬರು ಹೆದರಿದ್ದರು, ಶಂಶಾದ್‌ಬೀಯನ್ನು ನೋಡಿ ಬಂದ ಮೇಲೆ ಒಪ್ಪಿದರು. ಅವರ ರಕ್ತದೊತ್ತಡ ಮಿತಿಯೊಳಗೇ ಇರುತ್ತದೆ, ಇರಬೇಕು, ಅದಕ್ಕಾಗಿಯೇ ಅಲ್ಲವೇ ತಾವು ಈ ಯೋಜನೆ ನಡೆಸುವುದು? ಡಾಕ್ಟರು ಬರೆದ ಚೀಟಿಯನ್ನು ನೋಡಿ ನೆರವು ಮುಂದುವರಿಸಿ. ಒತ್ತಡ ನೋಡಲೇಬೇಕೆಂದರೆ ನೋಡಿ, ಆದರೆ ಮಿತಿ ಮೀರಿದವರನ್ನು ಬಸ್ಸಿಗಲ್ಲ, ಆಸ್ಪತ್ರೆಗೆ ಕಳಿಸಲು. ನಿರಾಕರಿಸುವುದಾದರೆ ‘ಔಷಧವು ಕೆಲಸ ಮಾಡಿದ ಕಾರಣ ಔಷಧವನ್ನು ನಿಲ್ಲಿಸಲಾಗಿದೆ’ ಎಂದು ತಮ್ಮ ಕೈಯಾರೆ ಬರೆದು, ಸಹಿ ಮಾಡಿ, ಒಬ್ಬೊಬ್ಬರಿಗೂ ಕೊಡಿ. ಅದು ಕೈಗೆ ಬರುವ ತನಕ ನಾವು ತಮ್ಮ ವರಾಂಡದಿಂದ ಏಳುವುದಿಲ್ಲ. ಗದ್ದೆಯ ಕೆಸರಿನಲ್ಲಿ ದಿನಗಟ್ಟಲೆ ಬಗ್ಗಿ ನಿಂತವರಿಗೆ ತಮ್ಮ ನೆಲದ ಮೇಲೆ ಕೂರುವುದು ಕಷ್ಟವೇನಲ್ಲ.

ಒಂದು ಉಪಕಾರ ಮಾಡಿ. ಆ ದಿನ ಬಾಗಿಲ ಬಳಿ ಒಂದು ಕೊಡ ಕುಡಿಯುವ ನೀರು ಇಡಿಸಿ. ಮಧ್ಯಾಹ್ನದ ಗುಳಿಗೆಯನ್ನು ಅವರು ತಮ್ಮೆದುರಿಗೇ ನುಂಗುತ್ತಾರೆ.

ಇಂತಿ,
ಚಿಗವ್ವನ ಒತ್ತಡ ಇಳಿದಿದೆಯೆಂದು ಹಿಗ್ಗಬೇಕೋ ಅಂಜಬೇಕೋ ತಿಳಿಯದೆ ತಮ್ಮ ಬಾಗಿಲಿಗೆ ಬರುತ್ತಿರುವ
ಯಶೋಧರಾ
ಮಸ್ಕಿ