ಕೆಂಪು ಗುಂಡಿ

ಬುಧವಾರ, ಮಾರ್ಚ್ ೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಹನ್ನೊಂದು ವರ್ಷದ ಮೇಲೆ ಇವಳಿಗೇನು ಬಂತು ಎಂದು ಕಾಗದ ಹರಿಯಬೇಡ. ಓದಿ ಆಮೇಲೆ ಹರಿ.

ಶುಕ್ರವಾರ ನಾನು ಕಂಪನಿಯಿಂದ ನಿವೃತ್ತಳಾಗುತ್ತಿದ್ದೇನೆ. ನಾವಿಬ್ಬರೂ ಎರಡು ಬಕೆಟ್, ಒಂದು ಮಾಪ್ ಹಿಡಿದು ಶುರು ಮಾಡಿದ ಕಂಪನಿ ಈಗ ನಲವತ್ತು ಕಟ್ಟಡಗಳನ್ನು ಗುಡಿಸಿ ಒರೆಸುತ್ತದೆ. ಭಾಷಣ ಮಾಡಿ ಎಂದಿದ್ದಾರೆ. ನನ್ನ ಬಾಯಿಗೇನು ಕೊರತೆ, ನಿನಗೆ ಗೊತ್ತಲ್ಲ! ಆದರೆ ಈ ಸಲ ಭಾಷಣಕ್ಕೂ ಮೊದಲು ನಿನಗೆ ಈ ಕಾಗದ ಬರೆಯುತ್ತಿದ್ದೇನೆ.

ಆ ಗುಂಡಿ ಪರೀಕ್ಷೆ ನಾನೇ ತಂದದ್ದು. ಯಾರಿಗೂ ಹೇಳದೆ ಕೋಣೆಯ ಮೂಲೆಯಲ್ಲಿ ಅಂಗಿಯ ಒಂದು ಕೆಂಪು ಗುಂಡಿ ಇಡುವುದು. ಸರಿಯಾಗಿ ಗುಡಿಸಿದವರು ಅದನ್ನು ತಂದು ನನ್ನ ಕೈಗೆ ಕೊಡಬೇಕು, ತರದಿದ್ದವರು ಮನೆಗೆ. ಕಂಪನಿ ಬೆಳೆದ ಮೇಲೂ, ಕುರ್ಚಿ ಬೇಡ, ನಂಗೆ ಪೊರಕೆನೇ ಸಾಕು ಅಂದವಳು ನೀನು. ಬ್ಯಾಂಕಿನ ಮೂರನೇ ಮಹಡಿ ನಿನ್ನ ಪಾಲಿನದಾಗಿತ್ತು. ಆ ದಿನ ಬರಿಗೈಯಲ್ಲಿ ಬಂದೆ. ಮೂಲೆ ಮೂಲೆಗೂ ಕೈ ಹಾಕಿ ನೋಡ್ದೆ ಕಣೆ, ಗುಂಡಿ ಇರ್ಲೇ ಇಲ್ಲ ಅಂದೆ. ಅಕ್ಕ ಆದ್ರೇನು, ನಿಯಮ ಎಲ್ರಿಗೂ ಒಂದೇ ಅಂತ ನಾನು ಎಲ್ಲರೆದುರು ಅಂದುಬಿಟ್ಟೆ. ಯಾರಿಗೆ? ಮೂಲೆ ನೋಡ್ಕೋ, ನಡುಮನೆ ತಾನೇ ಹೊಳೆಯುತ್ತೆ ಅಂತ ನನಗೆ ಕಸಬು ಕಲಿಸಿದವಳಿಗೆ! ನೀನು ಏಪ್ರನ್ ಬಿಚ್ಚಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟು ಹೋದೆ.

ಅಂದಿನಿಂದ ಹೊಸಬರು ಸೇರಿದಾಗಲೆಲ್ಲ ಇದೇ ಕಥೆ: ಮೇಡಂ ಸ್ವಂತ ಅಕ್ಕನ್ನೇ ಬಿಡ್ಲಿಲ್ಲ, ಇನ್ನು ನಿಮ್ಮನ್ನ ಬಿಡ್ತಾರಾ ಅಂತ. ನನಗೆ ಚಪ್ಪಾಳೆ, ನಿನಗೆ ಕೆಲಸಗಳ್ಳಿ ಎಂಬ ಹೆಸರು. ನಾನು ನಗುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಕೋಟಿನ ಜೇಬಿನಲ್ಲಿ ಆ ಕೆಂಪು ಗುಂಡಿ ಸಿಕ್ಕಿತು. ಅಂದು ನಾನು ಅದನ್ನು ಇಟ್ಟೇ ಇರಲಿಲ್ಲ, ಅಕ್ಕ. ಮೆಟ್ಟಿಲು ಹತ್ತುವಾಗ ಫೋನ್ ಬಂತು. ಮಾತಾಡುತ್ತಾ ಹಾಗೇ ಇಳಿದು ಬಂದಿದ್ದೆ. ನಿನ್ನ ಮೂಲೆ ಚೊಕ್ಕಟವಾಗಿಯೇ ಇತ್ತು.

ತಪ್ಪಾಯಿತು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಜನರೆದುರು ಹೇಳುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕೂತಿದ್ದರೆ ನನಗೆ ಧೈರ್ಯ. ಬರದಿದ್ದರೂ ಹೇಳುತ್ತೇನೆ.

ನಿನ್ನ ಕೈಹಿಡಿದು ಕಸಬು ಕಲಿತ,
ತಂಗಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಗುಂಡಿ ಸಿಕ್ಕಿದ್ದು ಮೊನ್ನೆಯಲ್ಲ. ನೀನು ಹೋದ ಮೂರನೇ ದಿನವೇ, ಕೋಟು ಒಗೆಯಲು ಹಾಕುವಾಗ ಸಿಕ್ಕಿತ್ತು. ಅಷ್ಟರಲ್ಲಿ ಜನ ನನ್ನನ್ನು ಹೊಗಳಲು ಶುರು ಮಾಡಿದ್ದರು. ಶುಕ್ರವಾರ ಇದನ್ನೂ ಹೇಳಬೇಕು. ಗುಂಡಿಯನ್ನು ಇದರೊಳಗೇ ಇಟ್ಟಿದ್ದೇನೆ. ನೀನು ಬಂದರೆ, ಎಲ್ಲರೆದುರು ಅದನ್ನು ನನ್ನ ಕೈಗೆ ಕೊಡು.